ಹೊಸ ಗಾಡಿ ಎಷ್ಟು ಸಲ ಗ್ಯಾರೇಜಿಗೆ ಹೋಗಬೇಕು?

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ ಕೂಡಿಸಿ ಬೆಂಗಳೂರಿನ ಒಂದು ಬಡಾವಣೆಯನ್ನು ಬಿಟಿಎಂ ಲೇಔಟ್ ಎಂದರು. ಅಲ್ಲಿನ ಮನೆಯವರು ಹೊಸ ಗಾಡಿ ಕೊಂಡರೆ ಅದು ಶೋರೂಮಿನಿಂದ ನೇರವಾಗಿ ಮನೆಗೆ ಬರುವುದಿಲ್ಲ. ಮೊದಲು ಗುಡಿಗೆ ಹೋಗುತ್ತದೆ. ಜಯನಗರದ ರಾಗಿಗುಡ್ಡದ ಆಂಜನೇಯ, ಬನಶಂಕರಿ, ಇಲ್ಲವೇ ಬೀದಿಯ ಕೊನೆಯ ಗಣಪ. ಹೂವಿನ ಹಾರ, ಅರಿಶಿನ ಕುಂಕುಮ, ಮಂಗಳಾರತಿ, ಚಕ್ರಗಳ ಕೆಳಗೆ ನಿಂಬೆಹಣ್ಣು. ಅದನ್ನು ಜಜ್ಜಿಕೊಂಡು ಗಾಡಿ ಮುಂದಕ್ಕೆ ಉರುಳಿದರೆ ದೃಷ್ಟಿ ಕಳೆಯಿತೆಂದು ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಸಾಲದ ಮೊದಲ ಕಂತು ಮುಂದಿನ ತಿಂಗಳು ಶುರು.

ಕೆಲವು ಮನೆಗಳಲ್ಲಿ ಆ ಮೊದಲ ಕಂತಿಗಿಂತ ಮೊದಲೇ ಮೊದಲ ತೊಂದರೆ ಬರುತ್ತದೆ. ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ವರ್ತುಲ ರಸ್ತೆಯಲ್ಲಿ, ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತಿರುವಾಗ, ಗಾಡಿ ತಟಕ್ಕನೆ ನಿಲ್ಲುತ್ತದೆ. ಸರ್ವೀಸ್ ಸೆಂಟರಿನಲ್ಲಿ ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೀವಿ ಸಾರ್, ಇನ್ನು ಬರಲ್ಲ’ ಎನ್ನುತ್ತಾರೆ. ಹತ್ತು ದಿನಕ್ಕೆ ಮತ್ತೆ ಅದೇ. ‘ಪಾರ್ಟ್ ಆರ್ಡರ್ ಹಾಕಿದೀವಿ, ಬಂದಿಲ್ಲ.’ ಮೂರನೇ ಸಲ, ‘ಈ ಮಾಡೆಲ್ಲೇ ಹಾಗೆ ಮೇಡಂ, ಎಲ್ಲಾ ಗಾಡೀಲೂ ಇರುತ್ತೆ.’ ನಾಲ್ಕನೇ ಸಲ ಗಾಡಿ ಬಿಟ್ಟು ಆಟೊ ಹಿಡಿದು ಮನೆಗೆ ಬರುವ ಗ್ರಾಹಕ ಒಂದು ಪ್ರಶ್ನೆ ಕೇಳುತ್ತಾನೆ: ಎಷ್ಟು ಸಲ ರಿಪೇರಿಗೆ ಬಿಟ್ಟರೆ ಈ ಗಾಡಿಯನ್ನು ಹಿಂದಕ್ಕೆ ಕೊಡಬಹುದು?

ಭಾರತದ ಯಾವ ಕಾಯ್ದೆಯಲ್ಲೂ ಅದಕ್ಕೊಂದು ಅಂಕಿ ಬರೆದಿಲ್ಲ. ಹಕ್ಕು ಇದೆ, ಪರಿಹಾರ ಇದೆ, ಆಯೋಗ ಇದೆ, ಅಂಕಿ ಇಲ್ಲ. ಆ ಅಂಕಿ ಇಲ್ಲದಿರುವುದರಿಂದ ಗ್ರಾಹಕನಿಗೆ ಏನಾಗುತ್ತಿದೆ, ಅದು ಬರುವ ತನಕ ಅವನು ತನ್ನನ್ನು ಹೇಗೆ ಕಾಪಾಡಿಕೊಳ್ಳಬಹುದು ಎಂಬುದೇ ಈ ಬರಹದ ವಿಷಯ.

ಕಲಬುರಗಿಯ ಬೆಂಕಿ

2024ರ ಆಗಸ್ಟ್ 28ರಂದು ಕಲಬುರಗಿಯ 26 ವರ್ಷದ ಯುವಕನೊಬ್ಬ ಓಲಾ ಎಲೆಕ್ಟ್ರಿಕ್ ಸ್ಕೂಟರ್ ಕೊಂಡ. ಅವನು ಮೆಕ್ಯಾನಿಕ್, ಯಂತ್ರದ ಒಳಹೊರಗು ತಿಳಿದವನು. ಸ್ಕೂಟರ್ ಬೇಗನೆ ತೊಂದರೆ ಕೊಡತೊಡಗಿತು. ಶೋರೂಮಿಗೆ ಅಲೆದರೂ ಅದು ಸರಿಹೋಗಲಿಲ್ಲ. ಸೆಪ್ಟೆಂಬರ್ 10ರಂದು, ಕೊಂಡ ಎರಡು ವಾರದೊಳಗೆ, ಅವನು ಪೆಟ್ರೋಲ್ ಸುರಿದು ಶೋರೂಮಿಗೇ ಬೆಂಕಿ ಇಟ್ಟ. ಆರು ವಾಹನಗಳು ಸುಟ್ಟವು. ಪೊಲೀಸರು ಅವನನ್ನು ಬಂಧಿಸಿದರು. ಹಣ ಕೊಟ್ಟು ವಸ್ತು ಕೊಂಡು ಮೋಸಹೋದೆ ಎಂದುಕೊಂಡವನು ಆರೋಪಿಯಾಗಿ ಠಾಣೆಯಲ್ಲಿ ನಿಂತ.

ಅದೇ ತಿಂಗಳು ಬೆಂಗಳೂರಿನ ಒಬ್ಬ ಮಹಿಳೆ, ಈ ಸ್ಕೂಟರ್ ಕೊಳ್ಳಬೇಡಿ ಎಂದು ಕನ್ನಡಿಗರಿಗೆ ಹೇಳುವ ಫಲಕವನ್ನು ತನ್ನದೇ ಗಾಡಿಗೆ ಅಂಟಿಸಿಕೊಂಡು ಓಡಾಡಿದರು. ಆ ಚಿತ್ರ ನಾಡಿನ ತುಂಬ ಹಬ್ಬಿತು. ಒಬ್ಬರದು ಬೆಂಕಿಯ ದಾರಿ, ಇನ್ನೊಬ್ಬರದು ಬರಹದ ದಾರಿ. ಹೇಳಿದ್ದನ್ನು ಕೇಳುವವರಿಲ್ಲ ಎಂಬ ಸಂಕಟ ಇಬ್ಬರದೂ ಒಂದೇ.

ಆ ಸಂಕಟ ಇಬ್ಬರದಷ್ಟೇ ಆಗಿರಲಿಲ್ಲ. 2023ರ ಸೆಪ್ಟೆಂಬರ್ 1ರಿಂದ 2024ರ ಆಗಸ್ಟ್ 30ರವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಈ ಒಂದೇ ಕಂಪನಿಯ ಬಗ್ಗೆ 10,644 ದೂರುಗಳು ಬಂದಿದ್ದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್ 7ರಂದು ಕಾರಣ ಕೇಳಿ ನೋಟಿಸ್ ಕೊಟ್ಟಿತು. ಶೇಕಡಾ 99.1ರಷ್ಟು ದೂರುಗಳನ್ನು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ಪ್ರಾಧಿಕಾರ ಅಷ್ಟಕ್ಕೇ ಬಿಡದೆ ತನಿಖೆಗೆ ಆದೇಶಿಸಿ ದಾಖಲೆಗಳನ್ನು ಕೇಳಿತು. ಕಂಪನಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. 2025ರ ಜನವರಿಯಲ್ಲಿ ಹೈಕೋರ್ಟ್ ಅದರ ಅರ್ಜಿಯನ್ನು ಒಪ್ಪದೆ, ದಾಖಲೆ ಒದಗಿಸಲು ಆರು ವಾರದ ಗಡುವು ಕೊಟ್ಟಿತು. ಈ ಕಂಪನಿಯ ಕೇಂದ್ರ ಕಚೇರಿ ಇರುವುದು ಕೋರಮಂಗಲದಲ್ಲಿ, ಬಿಟಿಎಂ ಲೇಔಟಿನ ಪಕ್ಕದ ಬಡಾವಣೆಯಲ್ಲಿ.

ಇಲ್ಲಿ ‘ಬಗೆಹರಿದಿದೆ’ ಎಂಬ ಪದವನ್ನು ಗಮನಿಸಬೇಕು. ಕಂಪನಿಯ ಪುಸ್ತಕದಲ್ಲಿ ಗಾಡಿ ಸರ್ವೀಸ್ ಸೆಂಟರಿನಿಂದ ಹೊರಟ ಕ್ಷಣ ದೂರು ಮುಗಿಯುತ್ತದೆ. ಗ್ರಾಹಕನ ಲೆಕ್ಕದಲ್ಲಿ ಅದೇ ತೊಂದರೆ ಮತ್ತೆ ಬಾರದಿದ್ದರೆ ಮಾತ್ರ ಮುಗಿಯುತ್ತದೆ. ನಾಲ್ಕು ಸಲ ಬಂದುಹೋದ ಒಂದೇ ದೋಷ ಕಂಪನಿಗೆ ನಾಲ್ಕು ಯಶಸ್ವಿ ರಿಪೇರಿ. ಗಾಡಿಯ ಒಡೆಯನಿಗೆ ನಾಲ್ಕು ಸೋಲು. ಯಾರ ಲೆಕ್ಕ ನಿಲ್ಲಬೇಕು ಎಂಬುದನ್ನು ಕಾನೂನು ಹೇಳಬೇಕು.

ಎತ್ತು ಕೊಂಡವನಿಗೆ ಐದು ದಿನ

ಇಂಥ ಲೆಕ್ಕ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಸುಮಾರು ಒಂಬೈನೂರು ವರ್ಷಗಳ ಹಿಂದೆ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಕಲಬುರಗಿ ಜಿಲ್ಲೆಯ ಮರ್ತೂರು ಅವನ ಊರೆಂದು ಗುರುತಿಸುತ್ತಾರೆ. ಹಿಂದೂ ಆಸ್ತಿ ಹಂಚಿಕೆಯ ವಿಷಯದಲ್ಲಿ ವಕೀಲರು ಇಂದಿಗೂ ಅವನ ಹೆಸರು ಹೇಳುತ್ತಾರೆ. ಅದೇ ಗ್ರಂಥದಲ್ಲಿ ಕೊಂಡ ವಸ್ತುವನ್ನು ಹಿಂದಿರುಗಿಸುವ ಬಗ್ಗೆಯೂ ಒಂದು ಪ್ರಕರಣವಿದೆ. ಅದಕ್ಕೆ ಕ್ರೀತಾನುಶಯ ಎಂದು ಹೆಸರು. ಕೊಂಡ ಮೇಲೆ ಆಗುವ ಪಶ್ಚಾತ್ತಾಪ ಎಂದರ್ಥ.

ಅಲ್ಲಿ ವಸ್ತುವಿಗೊಂದು ಗಡುವಿದೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ರತ್ನಕ್ಕೆ 7 ದಿನ, ಹಾಲು ಕೊಡುವ ಪ್ರಾಣಿಗೆ 3 ದಿನ, ಹೊರೆ ಹೊರುವ ಮತ್ತು ಎಳೆಯುವ ಪ್ರಾಣಿಗೆ 5 ದಿನ. ಅಷ್ಟರೊಳಗೆ ಪರೀಕ್ಷಿಸಿ, ದೋಷ ಕಂಡರೆ ಹಿಂದಕ್ಕೆ ಕೊಡಬಹುದು. ಮನುಷ್ಯರನ್ನೂ ಮಾರುತ್ತಿದ್ದ ಕಾಲದ ಆ ಪಟ್ಟಿಯಲ್ಲಿ ದಾಸದಾಸಿಯರ ಪರೀಕ್ಷೆಗೂ ದಿನ ಗೊತ್ತುಮಾಡಿದ್ದಾರೆ. ಅದನ್ನು ಇಂದು ಯಾರೂ ಸಮರ್ಥಿಸಲಾರರು. ಉಳಿದದ್ದರ ಹಿಂದಿನ ತಿಳಿವಳಿಕೆ ಮಾತ್ರ ಗಟ್ಟಿಯಾದದ್ದು. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಬಹುದು, ಸುಳಿ ನೋಡಬಹುದು, ನಡಿಗೆ ನೋಡಬಹುದು. ನೊಗ ಹೊತ್ತು ಉಳುತ್ತದೋ ಇಲ್ಲವೋ ಎಂಬುದು ಹೊಲಕ್ಕೆ ಇಳಿಸಿದ ಮೇಲೆಯೇ ಗೊತ್ತಾಗುವುದು. ಆದ್ದರಿಂದ ಐದು ದಿನ. ಕೊಂಡವನು ಪ್ರತಿ ಸಲ ವಾದ ಮಾಡಬೇಕಿಲ್ಲ, ದಿನ ಎಣಿಸಿದರೆ ಸಾಕು.

ಇಂದಿನ ಗಾಡಿ ಎತ್ತಿಗಿಂತ ಎಷ್ಟೋ ಪಾಲು ಗೂಢ. ಬಾನೆಟ್ ಎತ್ತಿ ನೋಡಿದರೆ ಕೊಳ್ಳುವವನಿಗೆ ತಿಳಿಯುವುದು ಏನೂ ಇಲ್ಲ. ಎಷ್ಟೋ ದೋಷಗಳು ಕಣ್ಣಿಗೆ ಕಾಣದ ಸಾಫ್ಟ್‌ವೇರಿನಲ್ಲಿ ಇರುತ್ತವೆ. ಪರೀಕ್ಷಿಸುವ ಕಾಲ ಇನ್ನೂ ಹೆಚ್ಚು ಬೇಕಾದದ್ದು ಇವನಿಗೆ.

ಕಾಯ್ದೆ ಕೊಟ್ಟಿರುವುದು

ಬ್ರಿಟಿಷರ ಕಾಲದ 1930ರ ಸರಕು ಮಾರಾಟ ಕಾಯ್ದೆ, ನೋಡಿ ಕೊಳ್ಳುವುದು ಕೊಳ್ಳುವವನ ಹೊಣೆ ಎಂಬಲ್ಲಿಂದ ಶುರುವಾಗಿ ಕೆಲವು ವಿನಾಯಿತಿಗಳನ್ನು ಕೊಟ್ಟಿತು. 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ದಿನವೇ ಈಗ ರಾಷ್ಟ್ರೀಯ ಗ್ರಾಹಕ ದಿನ. ಅದರ ಜಾಗದಲ್ಲಿ ಬಂದ 2019ರ ಕಾಯ್ದೆ 2020ರ ಜುಲೈನಲ್ಲಿ ಜಾರಿಯಾಯಿತು.

ಹೊಸ ಕಾಯ್ದೆ ‘ದೋಷ’ ಎಂಬುದನ್ನು ಬಹಳ ವಿಶಾಲವಾಗಿ ವಿವರಿಸುತ್ತದೆ. ಗುಣಮಟ್ಟದಲ್ಲಿ ಯಾವ ಕೊರತೆ ಇದ್ದರೂ ಅದು ದೋಷ. ದೋಷ ಸಾಬೀತಾದರೆ ಅದನ್ನು ನಿವಾರಿಸಲು, ಹೊಸ ವಸ್ತು ಕೊಡಲು, ಬಡ್ಡಿ ಸಮೇತ ಹಣ ಹಿಂದಿರುಗಿಸಲು, ಜೊತೆಗೆ ನಷ್ಟ ತುಂಬಿಕೊಡಲು ಜಿಲ್ಲಾ ಗ್ರಾಹಕ ಆಯೋಗ ಆದೇಶಿಸಬಹುದು. ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಅಂಶ ಎರಡನೇ ಕಲಂನಲ್ಲೇ ಇದೆ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ದೋಷದ ವಸ್ತುವನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ‘ಒಮ್ಮೆ ಮಾರಿದ ಮೇಲೆ ವಾಪಸಿಲ್ಲ’ ಎಂದು ಹೇಳಿ ದೋಷದ ಗಾಡಿಯ ಹೊಣೆಯಿಂದ ಯಾರೂ ಜಾರಿಕೊಳ್ಳುವಂತಿಲ್ಲ.

ಗಾಡಿಯನ್ನು ದುಡಿಮೆಗೆ ಕೊಂಡವರ ಮಾತೂ ಇಲ್ಲಿ ಬರಬೇಕು. ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಉಳಿದು ರಾತ್ರಿ ಹಗಲು ಊಟದ ಪೊಟ್ಟಣ ತಲುಪಿಸುವ ಹುಡುಗರಿದ್ದಾರೆ. ಸಾಲ ಮಾಡಿ ಟ್ಯಾಕ್ಸಿ ಇಳಿಸಿದವರಿದ್ದಾರೆ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಎದುರು ಪಕ್ಷ ವಾದ ಹೂಡುವುದುಂಟು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ ಅದು ವ್ಯಾಪಾರವಲ್ಲ ಎಂದು ಕಾಯ್ದೆಯೇ ಹೇಳಿದೆ. ಕಂಪನಿಯೊಂದು ತನ್ನ ನಿರ್ದೇಶಕರ ಓಡಾಟಕ್ಕೆ ಕೊಂಡ ಬೆಂಜ್ ಕಾರಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಆ ಕಂಪನಿಯನ್ನೂ ಗ್ರಾಹಕನೆಂದೇ ಒಪ್ಪಿತು. ಬೆಂಜ್ ಕೊಂಡ ಕಂಪನಿಗೆ ಸಿಕ್ಕ ರಕ್ಷಣೆ ಸ್ಕೂಟರ್ ನಂಬಿದ ಹುಡುಗನಿಗೂ ಇದೆ. ಗಾಡಿ ಗ್ಯಾರೇಜಿನಲ್ಲಿ ಕೂತ ಒಂದೊಂದು ದಿನವೂ ಅವನಿಗೆ ಕೂಲಿ ಹೋದ ದಿನ. ಅದನ್ನೂ ನಷ್ಟದ ಲೆಕ್ಕದಲ್ಲಿ ಕೇಳಬಹುದು.

ನ್ಯಾಯಾಲಯಗಳು ನಡೆದು ಬಂದ ದಾರಿ

ಹಕ್ಕು ಕಾಗದದ ಮೇಲೆ ಇಷ್ಟು ಗಟ್ಟಿಯಾಗಿದ್ದರೆ ತೊಡಕು ಎಲ್ಲಿ? ಸಾಬೀತುಪಡಿಸುವಲ್ಲಿ.

ಜಮ್ಮು-ಕಾಶ್ಮೀರದಿಂದ ಬಂದ ಮಾರುತಿ ಉದ್ಯೋಗ್ ಕಂಪನಿಯ ಕಾರೊಂದರ ವ್ಯಾಜ್ಯವನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಇತ್ಯರ್ಥಪಡಿಸಿತು. ಕಾರಿನ ಕ್ಲಚ್ ಪದೇ ಪದೇ ಕೆಡುತ್ತಿತ್ತು. ಕೆಳಗಿನ ಹಂತದಲ್ಲಿ ಹೊಸ ಕಾರು ಕೊಡಲು ಆದೇಶವಾಗಿತ್ತು. ವಾರಂಟಿಯ ಮಾತಿನಂತೆ ಕೆಟ್ಟ ಭಾಗವನ್ನು ಬದಲಿಸುವುದಷ್ಟೇ ಕಂಪನಿಯ ಹೊಣೆ, ಇಡೀ ಕಾರನ್ನಲ್ಲ ಎಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಲಿಸಿತು. ಅಲ್ಲಿಂದ ಮುಂದೆ ಬದಲಿ ಗಾಡಿ ಕೇಳಿದವರೆದುರು ಕಂಪನಿಗಳ ವಕೀಲರು ಈ ತೀರ್ಪನ್ನು ಇಡತೊಡಗಿದರು. ದೋಷ ತಯಾರಿಕೆಯದೇ ಎಂದು ತಜ್ಞರ ವರದಿ ತರಬೇಕು ಎಂಬ ಪಟ್ಟು ಬಲವಾಯಿತು. ಆಯೋಗವೇ ಗಾಡಿಯನ್ನು ತಜ್ಞರ ಪರೀಕ್ಷೆಗೆ ಕಳಿಸಬಹುದು, ಕಾಯ್ದೆಯಲ್ಲಿ ಆ ದಾರಿ ಇದೆ. ಆದರೆ ಬಿಟ್ಟುಬಿಟ್ಟು ಬರುವ ದೋಷ ಪರೀಕ್ಷೆಯ ದಿನವೇ ಬರಬೇಕಲ್ಲ! ಗ್ರಾಹಕ ಸೋತುಹೋಗುವುದು ಈ ಜಾಗದಲ್ಲಿ.

ಮುಂದಿನ ವರ್ಷಗಳಲ್ಲಿ ದಾರಿ ಸ್ವಲ್ಪ ಅಗಲವಾಯಿತು. 2015ರಲ್ಲಿ ಕೊಂಡ ಹ್ಯುಂಡೈ ಕ್ರೆಟಾ ಕಾರು 2017ರ ನವೆಂಬರಿನಲ್ಲಿ ಅಪಘಾತಕ್ಕೀಡಾದಾಗ ಏರ್‌ಬ್ಯಾಗ್ ತೆರೆಯಲಿಲ್ಲ. ಡಿಕ್ಕಿಯ ರಭಸ ಸಾಲದಾಗಿತ್ತು ಎಂದಿತು ಕಂಪನಿ. ಕಾರು ಕೊಳ್ಳುವವನು ಭೌತಶಾಸ್ತ್ರದ ಲೆಕ್ಕ ಹಾಕಿ ವೇಗ, ರಭಸಗಳನ್ನು ಅಳೆಯುವ ಪರಿಣತನಾಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು. ಪರಿಹಾರವನ್ನೂ ಬದಲಿ ಕಾರನ್ನೂ ಎತ್ತಿಹಿಡಿಯಿತು. 2023ರಲ್ಲಿ ಫೋರ್ಡ್ ಎಂಡೆವರ್ ಕಾರಿನ ಎಣ್ಣೆ ಸೋರಿಕೆ ಮತ್ತಿತರ ದೋಷಗಳ ವ್ಯಾಜ್ಯದಲ್ಲಿ ಒಟ್ಟು 42 ಲಕ್ಷ ರೂಪಾಯಿ ಕೊಡುವಂತೆ ಅದೇ ನ್ಯಾಯಾಲಯ ಕಂಪನಿಗೆ ಹೇಳಿತು.

ಗೆದ್ದವರ ಕಥೆಯಲ್ಲೂ ಕಾಲದ ಪೆಟ್ಟು ಇದೆ. 2009ರ ಸೆಪ್ಟೆಂಬರ್ 25ರಂದು ಹೈದರಾಬಾದಿನ ಕಂಪನಿಯೊಂದು ಬಿಎಂಡಬ್ಲ್ಯು ಏಳನೇ ಸರಣಿಯ ಕಾರು ಕೊಂಡಿತು. ನಾಲ್ಕೇ ದಿನಕ್ಕೆ ದೋಷ ಕಂಡಿತು, ನವೆಂಬರಿನಲ್ಲಿ ಮತ್ತೆ ಕಂಡಿತು. ಕ್ರಿಮಿನಲ್ ದೂರು, ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಸುತ್ತಿ, 50 ಲಕ್ಷ ರೂಪಾಯಿ ಪರಿಹಾರದ ಅಂತಿಮ ಆದೇಶ ಬಂದದ್ದು 2024ರ ಜುಲೈ 10ರಂದು. ದೊಡ್ಡ ಕಂಪನಿಯೊಂದು ಹದಿನೈದು ವರ್ಷ ಕಾದೀತು. ತಿಂಗಳ ಕಂತು ಕಟ್ಟುವ ಗುಮಾಸ್ತರು, ಶಾಲಾ ಶಿಕ್ಷಕಿ ಅಷ್ಟು ಕಾಲ ತಾಳುವುದು ಎಲ್ಲಿಂದ?

ನಾಲ್ಕು ಸಲ, ಮೂವತ್ತು ದಿನ

ದೋಷದ ಗಾಡಿಗೆ ಅಮೆರಿಕದಲ್ಲಿ ‘ಲೆಮನ್’ ಎನ್ನುತ್ತಾರೆ, ಎಂದರೆ ನಿಂಬೆಹಣ್ಣು. ಇಲ್ಲಿ ಚಕ್ರದಡಿ ಜಜ್ಜಿಹೋಗುವ ಹಣ್ಣಿನ ಹೆಸರನ್ನು ಅಲ್ಲಿ ಗಾಡಿಗೇ ಇಟ್ಟಿದ್ದಾರೆ. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಇಂಥ ಗಾಡಿಗಳಿಗೆಂದೇ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾ ಅದೇ ವರ್ಷ ತನ್ನ ಹಳೆಯ ವಾರಂಟಿ ಕಾನೂನಿಗೆ ಅಂಕಿಗಳನ್ನು ಸೇರಿಸಿತು. ಕ್ಯಾಲಿಫೋರ್ನಿಯಾದ ಲೆಕ್ಕ ಹೀಗಿದೆ. ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ, ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಗೆ ಬಿಟ್ಟಿದ್ದರೆ, ಜೀವಕ್ಕೆ ಅಪಾಯ ತರುವ ದೋಷಕ್ಕೆ ಎರಡು ಸಲ ಬಿಟ್ಟಿದ್ದರೆ, ಅಥವಾ ಗಾಡಿ ಒಟ್ಟು 30 ದಿನಕ್ಕಿಂತ ಹೆಚ್ಚು ಗ್ಯಾರೇಜಿನಲ್ಲಿ ಕಳೆದಿದ್ದರೆ, ಸರಿಪಡಿಸಲು ಸಾಕಷ್ಟು ಅವಕಾಶ ಸಿಕ್ಕಿತ್ತು ಎಂದೇ ಕಾನೂನು ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊರೆ ಆಗ ಕಂಪನಿಯದು.

ಬ್ರಿಟನ್ನಿನ 2015ರ ಕಾಯ್ದೆ ಮೊದಲ 30 ದಿನದೊಳಗೆ ದೋಷದ ವಸ್ತುವನ್ನು ತಿರಸ್ಕರಿಸಲು ಬಿಡುತ್ತದೆ. ಆಮೇಲೆ ಒಂದು ರಿಪೇರಿ ಸೋತರೂ ತಿರಸ್ಕರಿಸುವ ಹಕ್ಕು ಹುಟ್ಟುತ್ತದೆ. ಸಿಂಗಪುರದಲ್ಲಿ 2012ರಿಂದ, ಆರು ತಿಂಗಳೊಳಗೆ ಕಂಡ ದೋಷ ಮಾರುವಾಗಲೇ ಇತ್ತು ಎಂದು ಭಾವಿಸುತ್ತಾರೆ.

ಭಾರತದಲ್ಲಿ ಸಾಮೂಹಿಕ ದೋಷಕ್ಕೆ ಮಾತ್ರ ಅಂಕಿಯ ಲೆಕ್ಕ ಬಂದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110-ಎ ಕಲಂ ಮತ್ತು 2021ರ ಏಪ್ರಿಲ್ 1ರಂದು ಜಾರಿಯಾದ ನಿಯಮಗಳ ಪ್ರಕಾರ, ಒಂದು ಮಾದರಿಯ ವಾಹನಗಳ ಬಗ್ಗೆ ಮಾರಾಟಕ್ಕೆ ಹೋಲಿಸಿ ಇಂತಿಷ್ಟು ಶೇಕಡಾ ದೂರು ಬಂದರೆ, ಕಂಪನಿ ಅವನ್ನೆಲ್ಲ ಹಿಂದಕ್ಕೆ ಕರೆಸಿ ಸರಿಪಡಿಸಬೇಕು. ಏಳು ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯ. ತಪ್ಪಿದರೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ನೂರಾರು ಜನ ದೂರಿದರೆ ಎಣಿಸುವ ಕಾನೂನು, ಒಬ್ಬನೇ ನಾಲ್ಕು ಸಲ ದೂರಿದರೆ ಎಣಿಸುವುದಿಲ್ಲ. ಇದು ಸರಿಯಾಗಬೇಕು. ಎರಡು, ನಾಲ್ಕು, ಮೂವತ್ತು ಎಂಬಂಥ ಮೂರು ಅಂಕಿಗಳನ್ನು ಗ್ರಾಹಕ ಕಾಯ್ದೆಗೆ ಸೇರಿಸಿದರೆ, ವರ್ಷಗಟ್ಟಲೆ ನಡೆಯುವ ಎಷ್ಟೋ ವಾದಗಳು ಒಂದು ದಿನದ ಲೆಕ್ಕವಾಗುತ್ತವೆ. ಸಂಸತ್ತು ಇದನ್ನು ಮಾಡಬೇಕು; ಕರ್ನಾಟಕದ ಪ್ರತಿನಿಧಿಗಳು ಅಲ್ಲಿ ಇದನ್ನು ಎತ್ತಬೇಕು. ದೇಶದ ವಿದ್ಯುತ್ ವಾಹನ ಉದ್ಯಮದ ದೊಡ್ಡ ಹೆಸರುಗಳು ಬೆಂಗಳೂರಿನಲ್ಲೇ ಬೆಳೆದಿರುವಾಗ ಈ ಹೊಣೆ ಕನ್ನಡ ನಾಡಿಗೆ ಒಂದು ತೂಕ ಹೆಚ್ಚೇ ಇದೆ.

ಜಾಬ್ ಕಾರ್ಡಿನ ಬೆಲೆ

ಅಂಕಿ ಬರುವವರೆಗೆ ಎಣಿಸುವ ಕೆಲಸ ಗ್ರಾಹಕನದೇ. ಎಣಿಸಲು ಅವನ ಕೈಲಿರುವ ಸಾಧನ ಜಾಬ್ ಕಾರ್ಡ್, ಎಂದರೆ ಗಾಡಿ ರಿಪೇರಿಗೆ ಬಿಡುವಾಗ ಸರ್ವೀಸ್ ಸೆಂಟರಿನವರು ಬರೆದುಕೊಡುವ ಚೀಟಿ. ಗಾಡಿ ಬಿಡುವಾಗ ಗ್ರಾಹಕ ಹೇಳಿದ್ದು ಒಂದು, ಅಡ್ವೈಸರ್ ಬರೆಯುವುದು ಇನ್ನೊಂದು. ‘ಓಡುತ್ತಿರುವಾಗ ನಿಂತುಹೋಗುತ್ತದೆ, ಇದು ಮೂರನೇ ಸಲ’ ಎಂಬುದು ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಆಗಿಬಿಟ್ಟರೆ, ನಾಳೆ ಆಯೋಗದ ಮುಂದೆ ಆ ಮೂರನೇ ಸಲ ನಡೆದೇ ಇಲ್ಲ. ಆದ್ದರಿಂದ ಹೇಳಿದ ಮಾತನ್ನೇ ಬರೆಸಬೇಕು. ತಾರೀಕು, ಓಡಿದ ಕಿಲೋಮೀಟರ್, ಬಿಟ್ಟ ಹೊತ್ತು, ವಾಪಸು ಪಡೆದ ಹೊತ್ತು ಇರಬೇಕು. ಕಾರ್ಡ್ ಕೊಡದಿದ್ದರೆ ಅದೇ ದಿನ ಡೀಲರಿಗೂ ಕಂಪನಿಗೂ ಇ-ಮೇಲ್ ಬರೆಯಬೇಕು. ಫೋನಿನ ಮಾತು ಗಾಳಿಗೆ ಹೋಗುತ್ತದೆ. ಗಾಡಿ ಪಡೆಯುವಾಗ ಸಹಿ ಕೇಳುವ ತೃಪ್ತಿ ಪತ್ರದ ಮೇಲೆ, ತೃಪ್ತಿ ಇಲ್ಲದಿದ್ದರೆ, ‘ದೋಷ ಸರಿಹೋಗಿದೆಯೇ ಎಂದು ಓಡಿಸಿ ನೋಡಬೇಕಿದೆ’ ಎಂದು ಬರೆದೇ ಸಹಿ ಮಾಡಬೇಕು. ನಿಂತ ಗಾಡಿಯ ವಿಡಿಯೋ, ಟೋಯಿಂಗ್ ರಸೀದಿ, ಆಟೊ ಖರ್ಚು ಎಲ್ಲವೂ ಒಂದೇ ಫೈಲಿಗೆ.

ಮುಂದಿನ ಹೆಜ್ಜೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. ಈ ಸಹಾಯವಾಣಿ ಕಂಪನಿಯನ್ನು ಮಾತಿಗೆ ಕರೆಯುತ್ತದೆ, ತೀರ್ಪು ಕೊಡುವುದಿಲ್ಲ. ಅಲ್ಲಿ ಆಗದಿದ್ದರೆ ಲಿಖಿತ ನೋಟಿಸ್, ಆಮೇಲೆ ಜಿಲ್ಲಾ ಆಯೋಗ. ದೂರಿನಲ್ಲಿ ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಹೆಸರಿಸುವುದು ಕ್ಷೇಮ. ಹಳೆಯ ವರ್ಷದ ಕಾರನ್ನು ಹೊಸತೆಂದು ಮಾರಿದ ಗೋವಾದ ಪ್ರಕರಣವೊಂದರಲ್ಲಿ, ಡೀಲರ್ ಮಾಡಿದ ತಪ್ಪಿಗೆ ತಯಾರಕ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಯಾರ ತಪ್ಪು ಎಷ್ಟು ಎಂಬುದನ್ನು ಆಯೋಗ ತೂಗಲಿ.

ಕಂಪನಿಯ ಕಚೇರಿ ಚೆನ್ನೈಯಲ್ಲಿರಲಿ, ಗುರುಗ್ರಾಮದಲ್ಲಿರಲಿ, ಗ್ರಾಹಕ ತಾನಿರುವ ಊರಿನಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ಬಲು ದೊಡ್ಡ ಅನುಕೂಲ ಇದು. ವಕೀಲರನ್ನು ಇಡಲೇಬೇಕೆಂದಿಲ್ಲ. ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಬಹುದು, ವಿಚಾರಣೆಯನ್ನು ವಿಡಿಯೋ ಮೂಲಕ ನಡೆಸುವಂತೆ ಕೇಳಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ತಜ್ಞರ ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ. ನಡೆಯುವಾಗ ಹೆಚ್ಚು ಕಾಲ ಹಿಡಿಯುತ್ತದೆ. ಫೈಲ್ ಗಟ್ಟಿಯಿದ್ದಷ್ಟೂ ಆ ಕಾಲ ಕಿರಿದಾಗುತ್ತದೆ.

ಇದನ್ನು ಓದುತ್ತಿರುವವರ ಹೊಸ ಗಾಡಿ ಈ ವಾರವೂ ಸರ್ವೀಸ್ ಸೆಂಟರಿನಲ್ಲಿ ಇದ್ದರೆ, ಅದನ್ನು ತರಲು ಹೋದಾಗ ಹಿಂದಿನ ಎಲ್ಲ ಜಾಬ್ ಕಾರ್ಡುಗಳ ಪ್ರತಿ ಕೇಳಿ ತೆಗೆದುಕೊಳ್ಳಿ. ದೂರು ಕೊಡಲು ಎರಡು ವರ್ಷದ ಗಡುವಿದೆ, ಅದು ದೋಷ ಕಂಡ ದಿನದಿಂದಲೇ ಓಡುತ್ತಿರುತ್ತದೆ. ಬೆಂಗಳೂರು ನಗರ ಜಿಲ್ಲಾ ಆಯೋಗ ಇರುವುದು ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿ, ಬಿಟಿಎಂ ಲೇಔಟಿನಿಂದ ಒಂದು ಬಸ್ಸಿನ ದೂರ. ಐದು ಲಕ್ಷ ರೂಪಾಯಿವರೆಗಿನ ಗಾಡಿಗೆ ಅಲ್ಲಿ ದೂರಿನ ಶುಲ್ಕ ಇಲ್ಲ. ಹತ್ತು ಲಕ್ಷದವರೆಗೆ 200 ರೂಪಾಯಿ.